ಎಣಿಸಿ ಬರೆಯಿರಿ: ವಾರ್ಡಿಗೆ ಬರುವ ಮೆಡಿಕಲ್ ಮಕ್ಕಳಿಗೆ ಸಿಸ್ಟರ್ ಮಾತು

ನಾನು ಕಲಬುರಗಿಯ ಒಂದು ಬೋಧನಾ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳ ಮೆಡಿಸಿನ್ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್. ಊರಲ್ಲಿ ಜಿಮ್ಸ್, ಎಂ.ಆರ್. ಮೆಡಿಕಲ್, ಕೆಬಿಎನ್, ಇಎಸ್‌ಐಸಿ ಮೆಡಿಕಲ್ ಕಾಲೇಜುಗಳಿವೆ. ಆಚೆ ಬೀದರಿನಲ್ಲಿ ಬ್ರಿಮ್ಸ್, ಈಚೆ ಯಾದಗಿರಿಯಲ್ಲಿ ಯಿಮ್ಸ್. ನಮ್ಮ ಭಾಗದಲ್ಲಿ ಮೆಡಿಕಲ್ ಮಕ್ಕಳಿಗೆ ಈಗ ಬರವಿಲ್ಲ. ಪ್ರತಿ ವರ್ಷ ಹೊಸ ಬ್ಯಾಚು, ಹೊಸ ಏಪ್ರನ್, ಹೊಸ ಸ್ಟೆತಸ್ಕೋಪು, ಅವೇ ಹಳೇ ತಪ್ಪುಗಳು. ರೋಗ ಹಿಡಿಯುವುದನ್ನು ಕಲಿಸಲು ಪ್ರೊಫೆಸರರಿದ್ದಾರೆ. ವಾರ್ಡಿನಲ್ಲಿ ಕೆಲಸ ಮಾಡುವುದು ಹೇಗೆ ಅಂತ ಕೂಡಿಸಿ ಹೇಳುವವರು ಕಡಿಮೆ. ಪೋಸ್ಟಿಂಗಿಗೆ ಬರುವ ವಿದ್ಯಾರ್ಥಿಗಳಿಗೂ ಇಂಟರ್ನ್‌ಶಿಪ್ ಶುರು ಮಾಡುವವರಿಗೂ ಸೇರಿಸಿಯೇ ಬರೆದಿದ್ದೇನೆ.

ನಾನು ಇಂಟರ್ನ್ (ಎಂಬಿಬಿಎಸ್ ಪರೀಕ್ಷೆ ಮುಗಿಸಿ ಒಂದು ವರ್ಷ ಆಸ್ಪತ್ರೆಯಲ್ಲಿ ಕೆಲಸ ಕಲಿಯುವವರು) ಒಬ್ಬರನ್ನು ಅಳೆಯುವುದು ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟಿನ ಒಂದೇ ಒಂದು ಕಾಲಮ್ಮಿನಿಂದ. ಉಸಿರಾಟದ ಕಾಲಮ್ಮು. ಕೆಲವು ದಿನ ಬೆಳಿಗ್ಗೆ ಚಾರ್ಟು ತಿರುವಿದರೆ ಇಡೀ ವಾರ್ಡು ನಿಮಿಷಕ್ಕೆ 18 ಸಲ ಉಸಿರಾಡುತ್ತಿರುತ್ತದೆ. ಜ್ವರ ಇಳಿದು ಡಿಸ್ಚಾರ್ಜಿಗೆ ಕೂತವಳಿಗೂ 18, ನ್ಯುಮೋನಿಯಾ ಆಗಿ ಆಕ್ಸಿಜನ್ ಹಚ್ಚಿಕೊಂಡ ಮುದುಕಿಗೂ 18. ಎಣಿಸದೆ ಬರೆದದ್ದು ಅಂತ ಹೇಳಲು ಎಂಬಿಬಿಎಸ್ ಬೇಕಾಗಿಲ್ಲ. ಬಿಪಿ ಬೀಳುವ ಮೊದಲೇ, ಎಷ್ಟೋ ಸಲ ಗಂಟೆಗಟ್ಟಲೆ ಮೊದಲೇ, ಉಸಿರು ಏರುತ್ತದೆ. ನಿಮಿಷಕ್ಕೆ 12ರಿಂದ 20 ಸರಿ, 24 ದಾಟಿದರೆ ನಮಗೆ ಹೇಳಿ, 30 ಆದರೆ ಓಡಿ ಬನ್ನಿ. ಎಣಿಸುವುದೂ ಸುಲಭ: ನಾಡಿ ಹಿಡಿದ ಹಾಗೆಯೇ ಕೈ ಹಿಡಿದುಕೊಂಡು, ಕಣ್ಣು ಎದೆಯ ಮೇಲಿಟ್ಟು, ಸೆಕೆಂಡ್ ಮುಳ್ಳಿರುವ ಗಡಿಯಾರದಲ್ಲಿ ಪೂರ್ತಿ ಒಂದು ನಿಮಿಷ. ಉಸಿರು ಎಣಿಸುತ್ತಿದ್ದೀರಿ ಅಂತ ಪೇಷಂಟಿಗೆ ಗೊತ್ತಾದರೆ ಅವರು ಬೇರೆ ಥರ ಉಸಿರಾಡುತ್ತಾರೆ.

ಕಂಡದ್ದನ್ನು ಬರೆಯಿರಿ, ಕಾಣದ್ದಕ್ಕೆ ಜಾಗ ಖಾಲಿ ಬಿಡಿ. ಖಾಲಿ ಜಾಗ ನೋಡಿದರೆ ಮುಂದಿನವರು ಹೋಗಿ ನೋಡುತ್ತಾರೆ. ಸುಳ್ಳು 18 ನೋಡಿದವರು ಮುಂದಿನ ಬೆಡ್ಡಿಗೆ ಹೋಗುತ್ತಾರೆ.

ಬರುವ ಮೊದಲು

ಹೆಪಟೈಟಿಸ್ ಬಿ ಲಸಿಕೆ ಮುಗಿದಿದೆಯಾ ನೋಡಿಕೊಳ್ಳಿ. 0, 1, 6ನೇ ತಿಂಗಳು, ಒಟ್ಟು ಮೂರು ಡೋಸು. ಆಮೇಲೆ ಒಂದೆರಡು ತಿಂಗಳಿಗೆ ಟೈಟರ್ (ರಕ್ತದಲ್ಲಿ ಪ್ರತಿಕಾಯ ಅಳೆಯುವ ಪರೀಕ್ಷೆ) ಮಾಡಿಸಿದರೆ ಲಸಿಕೆ ಹತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಎರಡು ಡೋಸು ತಗೊಂಡು ಮೂರನೆಯದನ್ನು ಮರೆತವರು ಪ್ರತಿ ಬ್ಯಾಚಿನಲ್ಲೂ ಸಿಗುತ್ತಾರೆ.

ಮುಚ್ಚಿದ ಬೂಟು ಹಾಕಿ. ಚಪ್ಪಲಿ ಬೇಡ, ಬೆರಳ ಮೇಲೆ ಸೂಜಿ ಬಿದ್ದರೆ ತಿಳಿಯುತ್ತದೆ. ಕೂದಲು ಕಟ್ಟಿರಲಿ, ಉಗುರು ಕತ್ತರಿಸಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 43, 44 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಹತ್ತಿ ಬಟ್ಟೆ ಹಾಕಿಕೊಳ್ಳಿ, ನೀರಿನ ಬಾಟಲಿ ತನ್ನಿ. ಬೆಂಗಳೂರಿನ ಕಡೆಯಿಂದ, ಕೇರಳದಿಂದ ಬಂದ ಮಕ್ಕಳು ಮೊದಲ ಬೇಸಿಗೆಯಲ್ಲಿ ರೌಂಡ್ಸಿನ ನಡುವೆಯೇ ಕುಸಿದು ಕೂರುವುದುಂಟು. ತಿಂಡಿ ತಿಂದು ಬನ್ನಿ.

ಜೇಬಿನಲ್ಲಿ ಎರಡು ಪೆನ್ನು (ಒಂದನ್ನು ಯಾರಾದರೂ ಒಯ್ಯುತ್ತಾರೆ), ಸಣ್ಣ ನೋಟುಬುಕ್ಕು, ಟಾರ್ಚು, ಟೂರ್ನಿಕೆ, ಮೈಕ್ರೋಪೋರ್ ಟೇಪು. ಸ್ಟೆತಸ್ಕೋಪಿನ ಮೇಲೆ ಹೆಸರು ಅಂಟಿಸಿ. ಪುಸ್ತಕದ ಚೀಲ ಪೇಷಂಟಿನ ಹಾಸಿಗೆಯ ಮೇಲೆ ಇಡಬೇಡಿ. ಇದನ್ನೂ ಹೇಳಬೇಕಾ ಅಂತೀರಿ, ಹೇಳಬೇಕು.

ಪೇಷಂಟಿನ ಹತ್ತಿರ

ದೊಡ್ಡ ಸ್ಪ್ಲೀನು (ಗುಲ್ಮ) ಇರುವ ಪೇಷಂಟು ವಾರ್ಡಿಗೆ ಬಂದರೆ ಆ ಹೆಣ್ಣುಮಗಳ ಹೊಟ್ಟೆಗೆ ಬಿಡುವಿರುವುದಿಲ್ಲ. ಬೆಳಿಗ್ಗೆ ಒಂದು ತಂಡ, ಮಧ್ಯಾಹ್ನ ಪರೀಕ್ಷೆಗೆ ಓದುವವರು ಇನ್ನೊಂದು ತಂಡ. ಒಬ್ಬರೂ ಕೇಳುವುದಿಲ್ಲ. ನೀವು ಕೇಳಿ. ಹೆಸರು ಹೇಳಿ, ಇನ್ನೂ ಓದುತ್ತಿದ್ದೇನೆ ಅಂತ ಹೇಳಿ, "ಹೊಟ್ಟಿ ಮುಟ್ಟಿ ನೋಡ್ಲೇನ್ರಿ ಅವ್ವಾ?" ಅಂದು, ಆಕೆ ಹೂಂ ಅಂದ ಮೇಲೆ ಮುಟ್ಟಿ. ಪರದೆ ಎಳೆಯಿರಿ. ಹುಡುಗರು ಹೆಣ್ಣು ಪೇಷಂಟನ್ನು ನೋಡುವಾಗ ನಮ್ಮಲ್ಲಿ ಒಬ್ಬರನ್ನೋ ನಿಮ್ಮ ಜೊತೆಯ ಹುಡುಗಿಯನ್ನೋ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಊಟದ ತಟ್ಟೆ ಮುಂದಿದ್ದರೆ ಆಮೇಲೆ ಬನ್ನಿ. ಸ್ಪ್ಲೀನು ಎಲ್ಲಿಗೂ ಹೋಗುವುದಿಲ್ಲ. ಬೇಡ ಅಂದರೆ ಮುಖ ಸಿಂಡರಿಸದೆ ಮುಂದಿನ ಬೆಡ್ಡಿಗೆ ಹೋಗಿ.

ರೋಗದ ಇತಿಹಾಸ ಕೇಳುವಾಗ ಪುಸ್ತಕದ ಪ್ರಶ್ನೆಗಳು ಇಲ್ಲಿ ಹಾಗೇ ಓಡುವುದಿಲ್ಲ. "ಎಷ್ಟು ದಿನದಿಂದ?" ಅಂದರೆ "ಭಾಳ ದಿನಾತ್ರಿ" ಅನ್ನುತ್ತಾರೆ. "ಎಳ್ಳಮಾಸಿ ಮುಂದೋ, ಹಿಂದೋ?" ಅಂತ ಕೇಳಿ ನೋಡಿ, ಥಟ್ಟನೆ ಉತ್ತರ ಬರುತ್ತದೆ. ಎಳ್ಳಮಾಸಿ ಅಂದರೆ ಎಳ್ಳ ಅಮಾವಾಸ್ಯೆ. ನಾಗರ ಪಂಚಮಿ, ಅಪ್ಪನ (ಶರಣಬಸವೇಶ್ವರರ) ಜಾತ್ರೆ, ತೊಗರಿ ರಾಶಿ, ಇವೆಲ್ಲ ನಮ್ಮ ಮಂದಿಯ ಕ್ಯಾಲೆಂಡರು. ಅದನ್ನು ತಾರೀಖಿಗೆ ಇಳಿಸಿ ಬರೆಯುವುದು ನಿಮ್ಮ ಕೆಲಸ. ಮದ್ದು ತಗೊಂಡಿದ್ದಾರಾ ಅಂದರೆ ಇಲ್ಲ ಅನ್ನುತ್ತಾರೆ. "ಊರಾಗ ಯಾರ ಕಡಿಗರ ಸೂಜಿ ಮಾಡಿಸ್ಕೊಂಡೀರೇನ್ರಿ?" ಅಂದರೆ ಆಗ ಹೊರಬರುತ್ತದೆ: ಮೂರು ದಿನ ಸೂಜಿ, ಎರಡು ಬಾಟಲಿ ಸಲಾಯಿನ್, ಬಣ್ಣ ಬಣ್ಣದ ಗುಳಿಗೆ. ಬೈಯ್ಯಬೇಡಿ. ಬೈದರೆ ಮುಂದಿನ ಪ್ರಶ್ನೆಗೆ ನಿಜ ಸಿಗುವುದಿಲ್ಲ. ಗುಳಿಗೆಯ ಚೀಟಿ ತರಿಸಿ ನೋಡಿ, ಸ್ಟೆರಾಯಿಡ್ ಇರಬಹುದು.

ಉರ್ದು ಮಾತಾಡುವವರು ವಾರ್ಡಿನಲ್ಲಿ ಯಾವಾಗಲೂ ಇರುತ್ತಾರೆ. "ಕಾಂ ದುಖ್ರಾ ಅಮ್ಮಾ?", "ಕಿತ್ತೇ ದಿನಾಂ ಸೇ?" ಅಂದರೆ ಎಲ್ಲಿ ನೋವು, ಎಷ್ಟು ದಿನದಿಂದ, ಇಷ್ಟು ಕೇಳಲು ಬಂದರೆ ಅರ್ಧ ಕೆಲಸ ಆಯಿತು. ಗಡಿ ಊರುಗಳಿಂದ ತೆಲುಗು, ಮರಾಠಿಯವರು, ತಾಂಡಾಗಳಿಂದ ಲಂಬಾಣಿಯವರು ಬರುತ್ತಾರೆ. ಪಕ್ಕದ ಬೆಡ್ಡಿನವರನ್ನೇ ದುಭಾಷಿ ಮಾಡಿಕೊಳ್ಳುವುದು ನಮ್ಮಲ್ಲಿ ರೂಢಿ. ಹೊಟ್ಟೆ ನೋವಿಗೆ ಪರವಾಗಿಲ್ಲ. ಮುಟ್ಟಿನ ವಿಷಯ, ಎಚ್‌ಐವಿ, ವಿಷ ಕುಡಿದ ಕಾರಣ, ಇವುಗಳಿಗೆ ಬೇಡ. ಅತ್ತೆ ಸೊಸೆಯ ಪರವಾಗಿ ಉತ್ತರ ಹೇಳುತ್ತಿದ್ದರೆ ಅತ್ತೆಯನ್ನು ಏನಾದರೂ ಕಾಗದ ತರಲು ಕೆಳಗೆ ಕಳಿಸಿ. ಬಿಪಿಎಲ್ ಕಾರ್ಡಿನ ಝೆರಾಕ್ಸು ಯಾವಾಗಲೂ ಬೇಕಾಗಿಯೇ ಇರುತ್ತದೆ.

ರೌಂಡ್ಸಿನಲ್ಲಿ ಇಂಗ್ಲಿಷಿನಲ್ಲಿ ಮಾತಾಡಿದರೆ ಪೇಷಂಟಿಗೆ ತಿಳಿಯುವುದಿಲ್ಲ ಅಂದುಕೊಳ್ಳಬೇಡಿ. ಕ್ಯಾನ್ಸರ್, ಟಿಬಿ, ಏಡ್ಸ್, ಸೀರಿಯಸ್, ಈ ನಾಲ್ಕು ಅಫಜಲಪುರದ ಅಜ್ಜಿಗೂ ಗೊತ್ತು. ನೀವು ಆಚೆ ಹೋದ ಮೇಲೆ ಆಕೆ ಅಳುತ್ತಾ ನಮ್ಮನ್ನು ಕೇಳುತ್ತಾಳೆ.

ರಕ್ತ ತೆಗೆಯುವುದು

ಇಂಟರ್ನಿನ ಬೆಳಗು ಅರ್ಧ ಇದರಲ್ಲೇ ಹೋಗುತ್ತದೆ, ಹಾಗಾಗಿ ನಿಧಾನ ಹೇಳುತ್ತೇನೆ. ನಮ್ಮ ವಾರ್ಡಿನಲ್ಲಿ ಯಾವತ್ತೂ ಒಬ್ಬಳಿಗಿಂತ ಹೆಚ್ಚು ಶರಣಮ್ಮಂದಿರು ಇರುತ್ತಾರೆ. ನಾಗಮ್ಮಂದಿರೂ, ಮಹಾದೇವಿಯರೂ ಹಾಗೆಯೇ. "ನೀವು ಶರಣಮ್ಮ ಹೌದಿಲ್ರಿ?" ಅಂದರೆ ಹೆದರಿದ ಹೆಣ್ಣುಮಗಳು ಶಾಂತಾಬಾಯಿ ಆಗಿದ್ದರೂ ಹೌದು ಅಂತ ತಲೆ ಆಡಿಸುತ್ತಾಳೆ. "ನಿಮ್ಮ ಹೆಸರೇನ್ರಿ? ಊರು ಯಾವುದು? ಗಂಡನ ಹೆಸರು?" ಅಂತ ಅವರ ಬಾಯಿಂದಲೇ ಹೇಳಿಸಿ, ಐಪಿ (ಒಳರೋಗಿ) ನಂಬರು ಕೇಸ್‌ಶೀಟಿಗೆ ತಾಳೆ ನೋಡಿ. ಗಂಡನ ಹೆಸರು ಹೇಳಲು ಹಿಂಜರಿದರೆ ಮಗನ ಹೆಸರು ಕೇಳಿ. ಟ್ಯೂಬಿನ ಮೇಲೆ ಹೆಸರು ಬರೆಯುವುದು ರಕ್ತ ತೆಗೆದ ಮೇಲೆ, ಬೆಡ್ಡಿನ ಪಕ್ಕದಲ್ಲಿಯೇ ನಿಂತು. ಮೊದಲೇ ಎಲ್ಲ ಟ್ಯೂಬಿಗೂ ಹೆಸರು ಬರೆದಿಟ್ಟುಕೊಂಡು ಸಾಲಾಗಿ ಹೋಗುವವರೂ ತಪ್ಪುತ್ತಾರೆ, ಎಲ್ಲ ತೆಗೆದು ಮೇಜಿನ ಹತ್ತಿರ ಬಂದು ಬರೆಯುವವರೂ ತಪ್ಪುತ್ತಾರೆ. ಹಿಮೋಗ್ಲೋಬಿನ್ ತಪ್ಪಿದರೆ ಮತ್ತೆ ಮಾಡಿಸಬಹುದು. ಕ್ರಾಸ್‌ಮ್ಯಾಚಿನ (ಕೊಡುವ ರಕ್ತ ಹೊಂದುತ್ತದಾ ಅಂತ ನೋಡುವ) ಸ್ಯಾಂಪಲ್ ತಪ್ಪಿದರೆ ಪೇಷಂಟು ಸಾಯಬಹುದು.

ತುಂಬುವ ಕ್ರಮ: ಬ್ಲಡ್ ಕಲ್ಚರ್ ಇದ್ದರೆ ಅದು ಮೊದಲು, ಆಮೇಲೆ ತಿಳಿ ನೀಲಿ ಮುಚ್ಚಳ, ಕೆಂಪು ಅಥವಾ ಹಳದಿ, ನೇರಳೆ, ಕೊನೆಗೆ ಬೂದು. ನೀಲಿಯನ್ನು ಗೆರೆಯ ತನಕ ಸರಿಯಾಗಿ ತುಂಬದಿದ್ದರೆ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ತಪ್ಪು ಬರುತ್ತದೆ, ಲ್ಯಾಬಿನವರು ತಿರುಗಿ ಕಳಿಸುತ್ತಾರೆ. ನೇರಳೆಯ ಇಡಿಟಿಎ ಬೇರೆ ಟ್ಯೂಬಿಗೆ ಸೇರಿದರೆ ಪೊಟ್ಯಾಸಿಯಂ ಸುಮ್ಮನೆ ಏರಿ ಕಾಣುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ, ನೀವು ಮಧ್ಯರಾತ್ರಿ ಇಲ್ಲದ ಕಾಯಿಲೆಗೆ ಓಡಾಡುತ್ತೀರಿ. ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ, ಕುಲುಕಬೇಡಿ. ಸಲಾಯಿನ್ ಹೋಗುತ್ತಿರುವ ಕೈಯಿಂದ ರಕ್ತ ತೆಗೆಯಬೇಡಿ. ಎರಡು ಸಲ ಚುಚ್ಚಿ ಸಿಗದಿದ್ದರೆ ಮೂರನೆಯದಕ್ಕೆ ನಮ್ಮನ್ನು ಕರೆಯಿರಿ, ಇದರಲ್ಲಿ ಮರ್ಯಾದೆಯ ಪ್ರಶ್ನೆ ಇಲ್ಲ.

ಸೂಜಿಗೆ ಮುಚ್ಚಳ ತಿರುಗಿ ಹಾಕಬೇಡಿ. ಸೂಜಿ ಬಿಳಿ ಡಬ್ಬಿಗೆ, ಸಿರಿಂಜು, ಐವಿ ಸೆಟ್ಟು, ಗ್ಲೌಸು ಕೆಂಪಿಗೆ, ರಕ್ತದ ಹತ್ತಿ ಹಳದಿಗೆ, ಗಾಜಿನ ವಯಲ್ಲು ನೀಲಿಗೆ. ಚುಚ್ಚಿಕೊಂಡರೆ ಹಿಂಡಬೇಡಿ, ಬಾಯಲ್ಲಿ ಇಡಬೇಡಿ. ಸೋಪು, ಹರಿಯುವ ನೀರು, ಆಮೇಲೆ ಕೂಡಲೇ ಡ್ಯೂಟಿ ಡಾಕ್ಟರಿಗೆ ಹೇಳಿ. ಎಚ್‌ಐವಿ ತಡೆಯುವ ಗುಳಿಗೆ ಎರಡು ಗಂಟೆಯೊಳಗೆ ಶುರುವಾದರೆ ಒಳ್ಳೆಯದು, 72 ಗಂಟೆ ದಾಟಿದರೆ ಉಪಯೋಗವಿಲ್ಲ, 28 ದಿನ ನುಂಗಬೇಕು. ಹೇಳಲು ನಾಚಿ ಮುಚ್ಚಿಟ್ಟು, ಮೂರನೇ ದಿನ ಅಳುತ್ತಾ ಬಂದವರನ್ನು ನೋಡಿದ್ದೇನೆ.

ರಕ್ತ ಏರಿಸುವಾಗ ಚೀಲದ ನಂಬರನ್ನು ಇಬ್ಬರು ಕೂಡಿ ಬೆಡ್ಡಿನ ಪಕ್ಕ ಓದಬೇಕು. ಮೊದಲ 15 ನಿಮಿಷ ನಿಧಾನ ಬಿಟ್ಟು ಅಲ್ಲೇ ನಿಲ್ಲಿ. ಚಳಿ, ಬೆನ್ನು ನೋವು, ಮೈಯೆಲ್ಲ ತುರಿಕೆ ಅಂದರೆ ಮೊದಲು ರಕ್ತ ನಿಲ್ಲಿಸಿ, ಆಮೇಲೆ ಫೋನು. ಚೀಲ ನಾಲ್ಕು ಗಂಟೆಯೊಳಗೆ ಮುಗಿಯಬೇಕು. ಇನ್ನೊಂದು, ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್) ನೇರ ರಕ್ತನಾಳಕ್ಕೆ ಪುಶ್ ಮಾಡುವ ಮದ್ದಲ್ಲ. ಯಾರು ಹೇಳಿದರೂ ಅಲ್ಲ.

ಕ್ಯಾಷುವಾಲ್ಟಿ: ಹಾವು ಮತ್ತು ಹೊಲದ ಎಣ್ಣೆ

ಮಳೆ ಬಿದ್ದು ಬಿತ್ತನೆ ಶುರುವಾದರೆ ಶಹಾಪುರ, ಜೇವರ್ಗಿ, ಚಿಂಚೋಳಿ ಕಡೆಯಿಂದ ಹಾವು ಕಡಿದವರು ಬರತೊಡಗುತ್ತಾರೆ. ಇಂಟರ್ನಿಗೆ ಸಿಗುವ ಕೆಲಸ ಟ್ಯೂಬು ನೋಡುವುದು. ಸಣ್ಣ ಕೆಲಸ ಅಂತ ತಿಳಿಯಬೇಡಿ, ಇಡೀ ಚಿಕಿತ್ಸೆ ಅದರ ಮೇಲೆ ನಿಂತಿರುತ್ತದೆ. ಹೊಸ, ಒಣಗಿದ, ಗಾಜಿನ ಟ್ಯೂಬು ಬೇಕು. ಪ್ಲಾಸ್ಟಿಕ್ ಆಗುವುದಿಲ್ಲ, ಸೋಪಿನಲ್ಲಿ ತೊಳೆದದ್ದೂ ಆಗುವುದಿಲ್ಲ. 2 ಎಂಎಲ್ ರಕ್ತ ಹಾಕಿ, ಸಮಯ ಬರೆದು, ಅಲ್ಲಾಡದ ಕಡೆ 20 ನಿಮಿಷ ಇಡಿ. ನಡುನಡುವೆ ಎತ್ತಿ ನೋಡಬೇಡಿ. 20 ನಿಮಿಷಕ್ಕೆ ಒಂದೇ ಸಲ ವಾಲಿಸಿ. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಏರಿದೆ, ಹಾವಿನ ವಿಷಕ್ಕೆ ಪ್ರತಿಮದ್ದಾದ ಎಎಸ್‌ವಿ ಬೇಕು. ಸಾಮಾನ್ಯವಾಗಿ ಮೊದಲ ಸಲ 8ರಿಂದ 10 ವಯಲ್ಲು, ಮಕ್ಕಳಿಗೂ ಅಷ್ಟೇ, ಯಾಕೆಂದರೆ ಹಾವು ಮಗು ಅಂತ ಕಡಿಮೆ ವಿಷ ಬಿಟ್ಟಿರುವುದಿಲ್ಲ. ಪುಡಿ ಕರಗಿಸುವಾಗ ಕುಲುಕಿದರೆ ನೊರೆಯಾಗುತ್ತದೆ, ಅಂಗೈಯಲ್ಲಿ ಮೆಲ್ಲಗೆ ಹೊರಳಿಸಿ. ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದು ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡುವುದು. ಆರು ಗಂಟೆಗೆ ಮತ್ತೆ ಟ್ಯೂಬು.

ಟ್ಯೂಬು ಸರಿ ಇದ್ದ ಮಾತ್ರಕ್ಕೆ ನಿರಾಳ ಆಗಬೇಡಿ. ಅದು ಕೊಳಕುಮಂಡಲಕ್ಕೆ ಸರಿ, ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ ಹೋಗುತ್ತದೆ. ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಹೊಟ್ಟೆನೋವು ಅಂತ ಎದ್ದು ಬಂದು, ಕಣ್ಣಿನ ರೆಪ್ಪೆ ಜೋಲುತ್ತಿದ್ದರೆ ಕಡಿದ ಗುರುತು ಹುಡುಕುತ್ತಾ ಕೂರಬೇಡಿ, ಕಟ್ಟುಹಾವಿನ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ. "ಕಣ್ಣ ತೆರೀರಿ, ಮ್ಯಾಲ ನೋಡ್ರಿ, ಒಂದರಿಂದ ಇಪ್ಪತ್ತು ಎಣಸ್ರಿ" ಅಂತ ಹೇಳಿ ನೋಡಿ. ಒಂದೇ ಉಸಿರಿಗೆ ಎಷ್ಟರ ತನಕ ಎಣಿಸಿದರು ಅಂತ ಪ್ರತಿ ಸಲ ಬರೆದಿಡಿ. ಇಪ್ಪತ್ತು ಹೋಗಿ ಹನ್ನೆರಡಾದರೆ ಉಸಿರು ಸೋಲುತ್ತಿದೆ, ಅನಸ್ತೇಸಿಯಾದವರನ್ನು ಕರೆಯುವ ಹೊತ್ತು.

ಇನ್ನೊಂದು ಬರುವುದು ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದವರು. ಗ್ಲೌಸು ಹಾಕದೆ ಮುಟ್ಟಬೇಡಿ, ಬಟ್ಟೆ ತೆಗೆಸಿ ಮೈ ತೊಳೆಸಿ. ಮನೆಯವರಿಗೆ "ಬಾಟ್ಲಿ ತರ್ರಿ, ಇಲ್ಲಂದ್ರ ಫೋಟೋ ಹೊಡೆದು ಕಳಿಸ್ಲಿಕ್ಕ ಹೇಳ್ರಿ" ಅನ್ನಿ. ಎಲ್ಲ ಎಣ್ಣೆಯೂ ಒಂದೇ ಅಲ್ಲ. ಆರ್ಗನೋಫಾಸ್ಫರಸ್ ಆದರೆ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿರುತ್ತದೆ, ಬಾಯಿ ತುಂಬ ಜೊಲ್ಲು, ಎದೆಯಲ್ಲಿ ಗೊರಗೊರ. ಅಟ್ರೋಪಿನ್ ಕೊಡುತ್ತಾ ಹೋಗುವುದು ಎದೆ ತಿಳಿಯಾಗುವ ತನಕ, ನಾಡಿ 80 ದಾಟುವ ತನಕ. ಪ್ರತಿ ಸಲ ಎದೆ ಕೇಳಿ ಬರೆಯುವವರು ನೀವು. ಇಲ್ಲಿ ಹಿಂದಿನ ಸಾಲನ್ನೇ ನಕಲು ಮಾಡಿದರೆ ಮದ್ದು ಕಡಿಮೆಯೂ ಆಗುತ್ತದೆ, ಹೆಚ್ಚೂ ಆಗುತ್ತದೆ. ಹೆಚ್ಚಾದರೆ ಜ್ವರ ಬಂದು, ಬಡಬಡಿಸುತ್ತಾ ಹಾಸಿಗೆಯ ಬಟ್ಟೆ ಹೆಕ್ಕತೊಡಗುತ್ತಾರೆ. ಪೊಲೀಸರಿಗೆ ಹೋಗುವ ದಾಖಲೆಯಾದ ಎಂಎಲ್‌ಸಿ ಬರೆಯುವುದು ಕ್ಯಾಷುವಾಲ್ಟಿ ಮೆಡಿಕಲ್ ಆಫೀಸರು. ಯಾರೋ ಹೇಳಿದರು ಅಂತ ನೀವು ಸಹಿ ಹಾಕಬೇಡಿ.

"ಗ್ಯಾಸ್ ಆಗ್ಯಾದ್ರಿ, ಎದಿ ಉರಿಲತ್ತದ" ಅಂತ ಬಂದ ನಡುವಯಸ್ಸಿನವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ರ‍್ಯಾಂಟಾಕ್ ಗಿಂಟಾಕ್ ಅನ್ನುವ ಮೊದಲು ಇಸಿಜಿ, ಹಾರ್ಟ್ ಅಟ್ಯಾಕೂ ಹೀಗೆಯೇ ಬರಬಹುದು. ಬಂದ 10 ನಿಮಿಷದೊಳಗೆ. ತೆಗೆದ ಪೇಪರಿನ ಮೇಲೆ ಹೆಸರು, ಸಮಯ ಬರೆದು, ಓದಲು ಬರುವವರ ಕೈಗೆ ಕೊಡಿ, ಫೈಲಿಗೆ ಅಲ್ಲ.

ರಾತ್ರಿ ಫೋನು ಮಾಡುವುದು

ರಾತ್ರಿ ಎರಡು ಗಂಟೆಗೆ ಪಿಜಿಗೆ (ಎಂಡಿ ಓದುತ್ತಿರುವ ಡಾಕ್ಟರಿಗೆ) ಫೋನು ಮಾಡಿ "ಸರ್, 12ನೇ ಬೆಡ್ಡು ಸರಿ ಇಲ್ಲ" ಅಂದರೆ ಅವರು ಬೈಯುತ್ತಾರೆ, ಅವರದೂ ಪೂರ್ತಿ ತಪ್ಪಲ್ಲ. ಹೀಗೆ ಹೇಳಿ: "ಸರ್, ಫೀಮೇಲ್ ಮೆಡಿಸಿನ್ನಿಂದ ಇಂಟರ್ನ್ ಮಾತಾಡ್ತಿದೀನಿ. 12ನೇ ಬೆಡ್, ಅರವತ್ತು ವರ್ಷ, ನ್ಯುಮೋನಿಯಾ, ನಿನ್ನೆ ಅಡ್ಮಿಟ್. ಹತ್ತು ಗಂಟೆಗೆ ಉಸಿರು 22 ಇತ್ತು, ಈಗ 34. ಸ್ಯಾಚುರೇಷನ್ 86. ಬಿಪಿ 90/60. ಆಕ್ಸಿಜನ್ ಹೆಚ್ಚು ಮಾಡಿದೀನಿ. ನೀವು ಬಂದು ನೋಡ್ಬೇಕು ಸರ್." ಇಷ್ಟು ಕೇಳಿದವರು ಮಲಗಿರುವುದಿಲ್ಲ. ಮೊದಲ 22 ಎಣಿಸಿ ಬರೆದದ್ದಾಗಿರಬೇಕು, ಇಲ್ಲದಿದ್ದರೆ ಈ ಮಾತಿಗೆ ತೂಕವೇ ಇಲ್ಲ. ಫೋನಿನಲ್ಲಿ ಹೇಳಿದ ಮದ್ದು, ಡೋಸು ತಿರುಗಿ ಓದಿ ಹೇಳಿ, ಸಮಯ ಹಾಕಿ ಬರೆಯಿರಿ.

ನಮ್ಮ ಸಿಸ್ಟರುಗಳಲ್ಲಿ ಯಾರಾದರೂ "ಡಾಕ್ಟ್ರೇ, ಆ ಅಮ್ಮ ಯಾಕೋ ಸರಿ ಕಾಣಲ್ಲ" ಅಂದರೆ ಎದ್ದು ಬನ್ನಿ. ಏನು ಅಂತ ಹೇಳಲು ನಮಗೂ ಬರದಿರಬಹುದು. ಜಗಳ ಮಾಡುವ ಅಟೆಂಡರುಗಳ ಮುಂದೆ ಒಬ್ಬರೇ ನಿಲ್ಲಬೇಡಿ. ಹತ್ತು ಮಂದಿ ಬಂದಿದ್ದರೆ ಅವರಲ್ಲಿ ಮಾತು ನಡೆಯುವವರು ಯಾರು ಅಂತ ಕೇಳಿ, ಅವರೊಬ್ಬರನ್ನು ಕೂರಿಸಿ ಹೇಳಿ. ಸೀರಿಯಸ್ ವಿಷಯ ಹೇಳುವುದು ಸೀನಿಯರ್ ಕೆಲಸ, ನೀವು ಜೊತೆಗೆ ನಿಂತು ಕೇಳಿಸಿಕೊಳ್ಳಿ.

ಲೆಕ್ಕ ಮತ್ತು ಲಾಗ್‌ಬುಕ್ಕು

2021ರ ನಿಯಮದ ಪ್ರಕಾರ ಇಂಟರ್ನ್‌ಶಿಪ್ 12 ತಿಂಗಳು. ಕಮ್ಯುನಿಟಿ ಮೆಡಿಸಿನ್ 12 ವಾರ, ಹೆರಿಗೆ ವಿಭಾಗ 7, ಮೆಡಿಸಿನ್ 6, ಸರ್ಜರಿ 6, ಮಕ್ಕಳ ವಿಭಾಗ 3, ಕ್ಯಾಷುವಾಲ್ಟಿ 2, ಉಳಿದದ್ದು ಸಣ್ಣ ಸಣ್ಣ ಪೋಸ್ಟಿಂಗು. ರಜೆ ಇಡೀ ವರ್ಷಕ್ಕೆ 15 ದಿನ. ನೀಟ್ ಪಿಜಿ ಓದಲು ಕಮ್ಯುನಿಟಿ ಪೋಸ್ಟಿಂಗನ್ನು ಎತ್ತಿಟ್ಟುಕೊಳ್ಳುವುದು ಎಲ್ಲರ ಲೆಕ್ಕ, ನಾನು ಬೇಡ ಅಂದರೆ ಕೇಳುವುದಿಲ್ಲ. ಆದರೆ ಆ ಪೋಸ್ಟಿಂಗಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿಯಲ್ಲಿ ಎಎನ್‌ಎಂ (ಹಳ್ಳಿಯ ನರ್ಸಮ್ಮ) ಜೊತೆ ಒಂದು ವಾರವಾದರೂ ತಾಂಡಾ ಸುತ್ತಿ ಬನ್ನಿ. ನಮ್ಮ ವಾರ್ಡಿಗೆ ಬರುವ ಹಿಮೋಗ್ಲೋಬಿನ್ 4ರ ಬಾಣಂತಿ ಅಲ್ಲಿಂದಲೇ ಬರುತ್ತಾಳೆ, ಕಬ್ಬಿಣದ ಗುಳಿಗೆ ಯಾಕೆ ನುಂಗಲಿಲ್ಲ ಅಂತ ಅಲ್ಲಿ ಗೊತ್ತಾಗುತ್ತದೆ.

ಲಾಗ್‌ಬುಕ್ಕನ್ನು ಅಂದಂದೇ ಬರೆಯಿರಿ. ಪೋಸ್ಟಿಂಗಿನ ಕೊನೆಯ ದಿನ ಕ್ಯಾಂಟೀನಿನಲ್ಲಿ ಕೂತು ನಾಲ್ಕು ಮಂದಿ ಒಂದೇ ಬುಕ್ಕಿನಿಂದ ಇಳಿಸಿಕೊಳ್ಳುವುದನ್ನು ನಾವು ಕಾಣದವರಲ್ಲ. ರೈಲ್ಸ್ ಟ್ಯೂಬು (ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಗೆ) ನೀವು ಹಾಕಿದ್ದರೆ "ಹಾಕಿದೆ" ಅಂತ, ಪಕ್ಕದಲ್ಲಿ ನಿಂತು ನೋಡಿದ್ದರೆ "ನೋಡಿದೆ" ಅಂತ ಬರೆಯಿರಿ. ಹಾಕದ ಟ್ಯೂಬನ್ನು ಹಾಕಿದೆ ಅಂತ ಬರೆದರೆ, ಮುಂದೆ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬರೇ ಇರುವಾಗ ಅದೇ ಟ್ಯೂಬು ಕೈಗೆ ಬರುತ್ತದೆ. ಕಲಿಯಬೇಕು ಅಂದರೆ ಬೆಳಿಗ್ಗೆ ಎಂಟಕ್ಕೆ ಬಂದು "ಸಿಸ್ಟರ್, ಇವತ್ತು ಕ್ಯಾಥೆಟರ್ ಇದ್ದರೆ ನನ್ನ ಕರೀರಿ" ಅಂತ ಹೇಳಿ ಹೋಗಿ, ಕರೆಯುತ್ತೇವೆ. ಸಹಿಗೆ ಮಾತ್ರ ಕೊನೆಯ ದಿನಕ್ಕೆ ಕಾಯಬೇಡಿ, ಯೂನಿಟ್ ಚೀಫ್ ಅಂದೇ ರಜೆ ಹಾಕಿರುತ್ತಾರೆ.